ಗಿರಾಕಿ ಬಂದರೂ ಗಲ್ಲಾ ತುಂಬಿಲ್ಲ: ಫುಕೆಟ್‌ನಿಂದ ಅಪ್ಪಾಜಿಗೆ

ಪಟಾಂಗ್, ಫುಕೆಟ್
ಜೂನ್ 2025

ತೀರ್ಥರೂಪ ಅಪ್ಪಾಜಿಯವರಿಗೆ,

ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಈಗ ಹೇಗಿದೆ? ಮಳೆಗಾಲದಲ್ಲಿ ಸುಮ್ನೆ ಮೆಟ್ಟಿಲು ಹತ್ತಿ ಇಳಿಯಬೇಡ ಅಂತ ಹೇಳಿ.

ಮೊನ್ನೆ ಫೋನಿನಲ್ಲಿ ನೀವು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಟಿವಿಯಲ್ಲಿ ನೋಡಿದರೆ ಥಾಯ್ಲೆಂಡ್ ತುಂಬಾ ಜನವೋ ಜನ, ನೀನು ಮಾತ್ರ ಕಡಿಮೆ ದುಡ್ಡು ಕಳಿಸಿದ್ದೀಯ, ಏನು ಸಮಾಚಾರ ಅಂದಿರಿ. ನೀವೂ ದಾವಣಗೆರೆಯಲ್ಲಿ ಹೋಟೆಲ್ ನಡೆಸಿದವರು. ಬಿಡಿಸಿ ಹೇಳಿದರೆ ನಿಮಗೆ ಬೇಗ ಅರ್ಥವಾಗುತ್ತದೆ.

ನಾನು ಅಡುಗೆ ಮಾಡುವ ಈ ಹೋಟೆಲಿನಲ್ಲಿ ಮೂಲ ಸಂಬಳ ಸಣ್ಣದು. ಗಿರಾಕಿಯ ಬಿಲ್ಲಿನ ಮೇಲೆ ಶೇ 10 ಸರ್ವಿಸ್ ಚಾರ್ಜ್ ಹಾಕುತ್ತಾರೆ. ಅದನ್ನು ಒಟ್ಟುಮಾಡಿ ಪಾತ್ರೆ ತೊಳೆಯುವವರಿಂದ ಹಿಡಿದು ಮ್ಯಾನೇಜರ್‌ವರೆಗೆ ಹಂಚುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಈ ಪಾಲೇ ಸಂಬಳಕ್ಕಿಂತ ಜಾಸ್ತಿ ಆಗುವುದೂ ಉಂಟು. ಈಗ ಮಳೆ. ಸಮುದ್ರ ಹುಚ್ಚೆದ್ದಿದೆ, ದಡದುದ್ದಕ್ಕೂ ಕೆಂಪು ಬಾವುಟ, ಯಾರೂ ನೀರಿಗೆ ಇಳಿಯುವ ಹಾಗಿಲ್ಲ. ರೂಮು ಖಾಲಿ, ಬಾಡಿಗೆಯೂ ಅರ್ಧಕ್ಕೆ ಇಳಿದಿದೆ. ಅಕ್ಟೋಬರ್‌ವರೆಗೂ ನನ್ನ ದುಡ್ಡು ಇಷ್ಟೇ ಅಂತ ಲೆಕ್ಕ ಹಾಕಿಕೊಳ್ಳಿ. ಮಾಳಿಗೆ ಕೆಲಸ ದೀಪಾವಳಿ ಆದಮೇಲೆ ಶುರು ಮಾಡಿದರೆ ಒಳ್ಳೆಯದು.

ಆದರೆ ಮಳೆ ಒಂದೇ ಕಾರಣ ಅಲ್ಲ. 2019ರಲ್ಲಿ ಈ ದೇಶಕ್ಕೆ ಹತ್ತಿರ ಹತ್ತಿರ 4 ಕೋಟಿ ವಿದೇಶಿಗರು ಬಂದಿದ್ದರು. ಆಮೇಲೆ ಕೊರೊನಾ. 2021ರಲ್ಲಿ ವರ್ಷವಿಡೀ ಬಂದವರು 4 ಲಕ್ಷದ 28 ಸಾವಿರ. 2011ರ ಜನಗಣತಿಯಲ್ಲಿ ನಮ್ಮ ದಾವಣಗೆರೆ ಊರಿನಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ದರು! ಆಗಿನ ಪಟಾಂಗ್ ನೀವು ನೋಡಬೇಕಿತ್ತು. ರಾತ್ರಿಯಿಡೀ ಗದ್ದಲ ಇರುತ್ತಿದ್ದ ಬಾಂಗ್ಲಾ ರಸ್ತೆಯಲ್ಲಿ ನಾಯಿಗಳು ಅಡ್ಡಡ್ಡ ಮಲಗಿರುತ್ತಿದ್ದವು. ರಸ್ತೆ ಬದಿಯಲ್ಲಿ ಜನ ಕಪಾಟು ಇಟ್ಟಿದ್ದರು. ಇದ್ದವರು ಅಕ್ಕಿ, ಮೊಟ್ಟೆ, ನೂಡಲ್ಸ್ ಇಡುವುದು, ಇಲ್ಲದವರು ತೆಗೆದುಕೊಳ್ಳುವುದು. ನಾನೂ ತೆಗೆದುಕೊಂಡಿದ್ದೇನೆ. ಅಮ್ಮ ಅಳುತ್ತಾಳೆ ಅಂತ ಆಗ ಹೇಳಲಿಲ್ಲ. ಉತ್ತರದ ಚಿಯಾಂಗ್ ಮಾಯ್ ಕಡೆ ಮೇವಿಗೆ ದುಡ್ಡಿಲ್ಲದೆ ಮಾವುತರು 100ಕ್ಕೂ ಹೆಚ್ಚು ಆನೆಗಳನ್ನು ನಡೆಸಿಕೊಂಡೇ ತಮ್ಮ ಹಳ್ಳಿಗಳಿಗೆ ಹೋದರು.

ಬಾಗಿಲು ಮೊದಲು ತೆಗೆದದ್ದು ನಮ್ಮ ಈ ದ್ವೀಪವೇ. 2021ರ ಜುಲೈ 1ರಂದು 'ಫುಕೆಟ್ ಸ್ಯಾಂಡ್‌ಬಾಕ್ಸ್' ಶುರುವಾಯಿತು. ಮೊದಲು ದ್ವೀಪದ ಬಹುಪಾಲು ಜನಕ್ಕೆ ಲಸಿಕೆ ಹಾಕಿದರು. ಎರಡು ಡೋಸ್ ಆದ ವಿದೇಶಿಗ ರೂಮಿನಲ್ಲಿ ಕೂಡಿಹಾಕಿಕೊಂಡು ಕೂರಬೇಕಿಲ್ಲ, ದ್ವೀಪದೊಳಗೆ ಎಲ್ಲಿ ಬೇಕಾದರೂ ಓಡಾಡಬಹುದು. 14 ದಿನ ಇಲ್ಲೇ ಕಳೆದರೆ ಬ್ಯಾಂಕಾಕ್‌ಗೂ ಹೋಗಬಹುದು. ಬಂದವರು ಕಮ್ಮಿಯೇ. ಆದರೂ ನಮ್ಮ ಅಡುಗೆಮನೆಯ ಒಲೆ ಮತ್ತೆ ಹೊತ್ತಿತು ನೋಡಿ, ಅದು ದೊಡ್ಡದು. 2022ರಲ್ಲಿ 1.1 ಕೋಟಿ, 2023ರಲ್ಲಿ 2.8 ಕೋಟಿ, ಹೋದ ವರ್ಷ 3.55 ಕೋಟಿ ಜನ ಬಂದರು. ಟಿವಿಯವರು ತೋರಿಸುವುದು ಇದನ್ನೇ. 2019ರಲ್ಲಿ ವಿದೇಶಿಗರಿಂದ ಬಂದ ಆದಾಯ ಸುಮಾರು 1.9 ಲಕ್ಷ ಕೋಟಿ ಬಾತ್ (ಇಲ್ಲಿಯ ನಾಣ್ಯ) ಇತ್ತು. ಹೋದ ವರ್ಷವೂ ಅಷ್ಟು ಮುಟ್ಟಲಿಲ್ಲ. ಈ ನಡುವೆ ಸಾಮಾನಿನ ಬೆಲೆ ಎಷ್ಟು ಏರಿದೆ ಅಂತ ನಿಮಗೆ ಹೇಳಬೇಕಾ?

ಇನ್ನೊಂದು ವಿಷಯ, ಬರುವವರೇ ಬದಲಾಗಿದ್ದಾರೆ. 2019ರಲ್ಲಿ ಚೀನಾದವರೇ 1.1 ಕೋಟಿ ಬಂದಿದ್ದರು. ಬೆಳಗ್ಗೆ ಆರಕ್ಕೇ ಬಸ್ಸುಗಟ್ಟಲೆ ಜನ ತಿಂಡಿಗೆ ಹಾಜರು. ಹೋದ ವರ್ಷ ಬಂದದ್ದು 67 ಲಕ್ಷ, ಈ ವರ್ಷ ಇನ್ನೂ ಇಳಿದಿದೆ. ಆ ಜಾಗಕ್ಕೆ ರಷ್ಯಾದವರು ಬಂದರು, ನಮ್ಮವರು ಬಂದರು. 2023ರ ನವೆಂಬರ್ 10ರಿಂದ ಭಾರತದವರಿಗೆ ವೀಸಾ ಬೇಕಿಲ್ಲ. ಹೋದ ವರ್ಷ ನಮ್ಮವರೇ 21 ಲಕ್ಷ, ಕೊರೊನಾಗೆ ಮುಂಚಿನದಕ್ಕಿಂತಲೂ ಜಾಸ್ತಿ. ನಮ್ಮ ತಿಂಡಿ ಕೌಂಟರಿನಲ್ಲಿ ಚೀನಾದವರ ಗಂಜಿಯ ದೊಡ್ಡ ಹಂಡೆ ಹೋಗಿ ಸಣ್ಣ ಪಾತ್ರೆ ಬಂದಿದೆ. ಪಕ್ಕದಲ್ಲಿ ನನ್ನ ದೋಸೆ ಹಂಚು. ಹಿಟ್ಟಿಗೆ ಮಂಡಕ್ಕಿ ಹಾಕಿಯೇ ರುಬ್ಬುತ್ತೇನೆ. ನಮ್ಮ ಬಿಳಿ ಬೆಣ್ಣೆ ಮಾತ್ರ ಸಿಗಲ್ಲ. ಡಬ್ಬಿಯ ಹಳದಿ ಬೆಣ್ಣೆಯಲ್ಲಿ ಬೆಣ್ಣೆದೋಸೆ ಅಂತ ಕೊಡಲು ನನಗೇ ನಾಚಿಕೆ. ತಿನ್ನುವವರು ಎರಡು ಮೂರು ಕೇಳುತ್ತಾರೆ, ಅದು ಬೇರೆ ಮಾತು.

ನಮ್ಮವರ ಬಗ್ಗೆ ನಾನೇ ಹೇಳಬಾರದು. ಗುಂಪಿನಲ್ಲಿ ಬರುವ ಗಂಡಸರು ಒಂದು ರೂಮಿಗೆ ನಾಲ್ಕು ಜನ ಇರುತ್ತಾರೆ. ರೂಮಿನ ಕೆಟಲಿನಲ್ಲೇ ಉಪ್ಪಿಟ್ಟಿನ ಪೊಟ್ಟಣ ಕಲಸಿ ತಿಂದು ಮುಗಿಸುತ್ತಾರೆ. ಹೋಟೆಲಿಗೆ ಏನು ಗಿಟ್ಟುತ್ತದೆ ಹೇಳಿ? ಮದುವೆ ಪಾರ್ಟಿಯವರದು ಬೇರೆಯೇ ದರ್ಬಾರು. ಮೂರು ದಿನ ಇಡೀ ಹೋಟೆಲ್ ಅವರದೇ. ಬೀಚಿನಲ್ಲಿ ಅರಿಶಿನ ಶಾಸ್ತ್ರ, ಈರುಳ್ಳಿ ಬೆಳ್ಳುಳ್ಳಿ ಮುಟ್ಟದವರಿಗೆ ಬೇರೆ ಒಲೆ, ಬೇರೆ ಪಾತ್ರೆ, ರಾತ್ರಿ ಹನ್ನೆರಡಕ್ಕೂ ಊಟ. ಮಾಡಲು ಕೈಗಳೇ ಸಾಲದು. ಲಾಕ್‌ಡೌನ್‌ನಲ್ಲಿ ಊರಿಗೆ ಹೋದ, ಈ ದೇಶದ ಈಶಾನ್ಯದ ಇಸಾನ್ ಸೀಮೆಯ ಹುಡುಗರಲ್ಲಿ ಸುಮಾರು ಜನ ವಾಪಸ್ ಬರಲೇ ಇಲ್ಲ. ಅಲ್ಲೇ ಹೊಲ, ಅಂಗಡಿ ಅಂತ ನೋಡಿಕೊಂಡಿದ್ದಾರೆ. ಇಬ್ಬರ ಕೆಲಸ ಒಬ್ಬ ಮಾಡುತ್ತಿದ್ದೇವೆ.

ಮಂಡಿಪೇಟೆಯ ನಿಮ್ಮ ಗೆಳೆಯರು ಬರುತ್ತಾರಂತೆ, ಬರಲಿ. ಮೇ 1ರಿಂದ ಎಲ್ಲರೂ ಆನ್‌ಲೈನ್‌ನಲ್ಲಿ ಆಗಮನದ ಕಾರ್ಡ್ ತುಂಬಬೇಕು. ಅದಕ್ಕೆ ಒಂದು ಪೈಸೆಯೂ ಇಲ್ಲ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಅದು ಮೋಸವೇ.

ಕೊನೆಗೆ ಹೊಳಲ್ಕೆರೆ ಮಾವನ ಮಗನ ವಿಷಯ. ಬ್ಯಾಂಕಾಕ್‌ನಲ್ಲಿ ಡೇಟಾ ಎಂಟ್ರಿ ಕೆಲಸ, ತಿಂಗಳಿಗೆ ಲಕ್ಷ, ವೀಸಾ ಬೇಡ ಅಂತ ಯಾರೋ ಏಜೆಂಟ್ ಹೇಳಿದ್ದಾನಂತೆ. ದಯವಿಟ್ಟು ತಡೆಯಿರಿ. ವೀಸಾ ಇಲ್ಲದೆ ಪ್ರವಾಸಕ್ಕೆ ಬರಬಹುದು, ಕೆಲಸಕ್ಕೆ ವರ್ಕ್ ಪರ್ಮಿಟ್ ಬೇಕೇ ಬೇಕು. ಹೀಗೆ ಬಂದವರನ್ನು ಕಾರಿನಲ್ಲಿ ಗಡಿಯ ಮೇ ಸೋಟ್ ಊರಿಗೆ ಒಯ್ದು, ಹೊಳೆ ದಾಟಿಸಿ, ಮ್ಯಾನ್ಮಾರ್‌ನಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡು ಆನ್‌ಲೈನ್ ವಂಚನೆ ಮಾಡಿಸುತ್ತಾರೆ. ಜನವರಿಯಲ್ಲಿ ಚೀನಾದ ನಟ ವಾಂಗ್ ಶಿಂಗ್ ಸಿನಿಮಾ ಕೆಲಸ ಅಂತ ನಂಬಿ ಬಂದು ಹೀಗೇ ಸಿಕ್ಕಿಬಿದ್ದಿದ್ದರು. ಬಿಡಿಸಿಕೊಂಡು ಬಂದರೂ ಆ ಸುದ್ದಿಗೆ ಹೆದರಿ ಚೀನಾದವರು ಇಲ್ಲಿಗೆ ಬರುವುದನ್ನೇ ಕಡಿಮೆ ಮಾಡಿದರು. ನನ್ನ ಪಾಲಿನ ಸರ್ವಿಸ್ ಚಾರ್ಜ್ ಇಳಿಯಲು ಅದೂ ಒಂದು ಕಾರಣ. ಮಾರ್ಚ್‌ನಲ್ಲಿ ನಮ್ಮ ವಾಯುಪಡೆಯ ವಿಮಾನಗಳು ಮೇ ಸೋಟ್‌ನಿಂದ 500ಕ್ಕೂ ಹೆಚ್ಚು ಭಾರತೀಯರನ್ನು ಕರೆತಂದವಲ್ಲ, ಅವರೆಲ್ಲ ಇಂಥದ್ದೇ ಕೆಲಸ ನಂಬಿ ಬಂದವರು.

ಮಾವನಿಗೆ ನೀವೇ ಫೋನ್ ಮಾಡಿ. ನಾನು ಹೇಳಿದರೆ ಅತ್ತೆ, ತಾನೊಬ್ಬನೇ ಫಾರಿನ್ನಲ್ಲಿರಬೇಕು ಅಂತ ಅಡ್ಡಗಾಲು ಹಾಕುತ್ತಾನೆ ಅನ್ನುತ್ತಾರೆ.

ಇತಿ ನಿಮ್ಮ ಪ್ರೀತಿಯ ಮಗ