ವಿಶ್ವಾಸವೂ ಇರಲಿ, ತವರೂ ಇರಲಿ

ಸಂಪಾದಕರೇ,

ಕಳೆದ ವಾರ ಓದುಗರ ಪತ್ರಗಳಲ್ಲಿ ಒಬ್ಬ ತಂದೆ ತಮ್ಮ ಸಂಕಟ ಬರೆದುಕೊಂಡಿದ್ದರು. ಮಗಳು ಯೇಸುವನ್ನು ನಂಬಿದ್ದಾಳೆ, ಹಬ್ಬಕ್ಕೆ ಬಂದರೂ ದೇವರ ಮನೆಯೊಳಗೆ ಕಾಲಿಡುವುದಿಲ್ಲ, ಇನ್ನು ಅವಳು ನಮ್ಮ ಪಾಲಿಗೆ ಇಲ್ಲ ಎಂದಿದ್ದರು. ಪೊಲೀಸರಿಗೆ ದೂರು ಕೊಡುವ ಯೋಚನೆಯೂ ಇದೆ ಎಂದಿದ್ದರು. ಆ ಮಗಳ ಜಾಗದಲ್ಲಿ ಬದುಕಿದವಳು ನಾನು. ಅದಕ್ಕೇ ಈ ಪತ್ರ.

ನಾನು ರಾಣೆಬೆನ್ನೂರಿನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ದೀಕ್ಷಾಸ್ನಾನ ಪಡೆದು ಕ್ರೈಸ್ತಳಾಗಿ ಎರಡು ದಶಕ ಆಗುತ್ತ ಬಂತು. ನನ್ನ ಯಜಮಾನರು, ಅತ್ತೆ, ತವರಿನವರು ಯಾರೂ ಕ್ರೈಸ್ತರಲ್ಲ. ಯಾರೋ ದುಡ್ಡು ಕೊಟ್ಟಿರಬೇಕು ಎಂದು ಓಣಿಯಲ್ಲಿ ಮಾತಾಡಿಕೊಂಡರು. ಒಂದು ಪೈಸೆ ಯಾರೂ ಕೊಟ್ಟಿಲ್ಲ. ಪಕ್ಕದ ಮನೆಯ ಟೀಚರಮ್ಮ ಓದಲು ಕೊಟ್ಟ ಬೈಬಲಿನ ಹೊಸ ಒಡಂಬಡಿಕೆಯನ್ನು ರಾತ್ರಿ ಮಷಿನ್ ನಿಲ್ಲಿಸಿದ ಮೇಲೆ ಓದಿದೆ. ಕ್ಷಮಿಸುವ ದೇವರು ಬೇಕಾಗಿತ್ತು, ಸಿಕ್ಕ. ಇದನ್ನು ಇದಕ್ಕಿಂತ ಜಾಸ್ತಿ ಹೇಗೆ ವಿವರಿಸಬೇಕೋ ನನಗೆ ತಿಳಿಯದು.

ಯಜಮಾನರು ಸಿಟ್ಟಿನಲ್ಲಿ ಬೈಬಲ್ ಕಿತ್ತುಕೊಂಡು ಅಟ್ಟಕ್ಕೆ ಎಸೆದರು. ಅದು ನೋವಾಯಿತು, ಆದರೆ ಅದಕ್ಕಿಂತ ದೊಡ್ಡ ನೋವು ಪಂಚಮಿಯದು. ನಮ್ಮ ಕಡೆ ನಾಗರ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣ ಬಂದು ತವರಿಗೆ ಕರೆದೊಯ್ಯುತ್ತಾನೆ. ಶೇಂಗಾ ಉಂಡಿ, ಎಳ್ಳುಂಡಿ, ಅರಳಿಟ್ಟು, ಮರಕ್ಕೆ ಕಟ್ಟಿದ ಜೋಕಾಲಿ. ಆ ವರ್ಷ ಅಣ್ಣ ಬರಲಿಲ್ಲ. ಓಣಿಯ ಹೆಣ್ಣುಮಕ್ಕಳೆಲ್ಲ ಹೊಸ ಸೀರೆ ಉಟ್ಟು ಬಸ್ ಸ್ಟ್ಯಾಂಡಿಗೆ ಹೊರಟಿದ್ದರು. ಅವರ ಬ್ಲೌಸುಗಳನ್ನೆಲ್ಲ ಹೊಲಿದುಕೊಟ್ಟವಳು ನಾನೇ. ಹಾಲೆರೆಯದವಳಿಗೆ ಪಂಚಮಿ ಯಾಕೆ ಅಂತ ಅಣ್ಣ ಯಾರದೋ ಹತ್ತಿರ ಹೇಳಿ ಕಳಿಸಿದ್ದ. ಅವನು ಇವತ್ತಿಗೂ ಕರೆಯಲು ಬಂದಿಲ್ಲ. ನಾನೇ ಹೋಗುತ್ತೇನೆ. ಕಟ್ಟೆಯ ಮೇಲೆ ಕೂತು ಅವ್ವನ ಜೊತೆ ಮಾತಾಡಿ, ಅವಳ ಕಾಲಿಗೆ ಎಣ್ಣೆ ಹಚ್ಚಿ ಬರುತ್ತೇನೆ.

ಹೊಸದಾಗಿ ನಂಬಿದ ಹುಡುಗ ಹುಡುಗಿಯರಿಗೆ ಕೆಲವು ಪಾಸ್ಟರುಗಳು ಮನೆಯವರ ಸಂಗ ಬಿಡಿ ಎನ್ನುತ್ತಾರೆ. ಬೈಬಲಿನ ಮತ್ತಾಯನ ಸುವಾರ್ತೆಯ 10ನೇ ಅಧ್ಯಾಯ ತೋರಿಸುತ್ತಾರೆ. ಮನೆಯವರೇ ವೈರಿಗಳಾಗುವರು ಎಂಬ ಮಾತು ಅಲ್ಲಿದೆ, ನಿಜ. ಆದರೆ ಅದು ಮುಂದೆ ಏನಾಗಬಹುದು ಎಂಬ ಎಚ್ಚರಿಕೆ. ನೀವೇ ಹೋಗಿ ವೈರ ಕಟ್ಟಿಕೊಳ್ಳಿ ಎಂಬ ಅಪ್ಪಣೆ ಅಲ್ಲ. ಅದೇ ಯೇಸು ಶಿಲುಬೆಯ ಮೇಲಿದ್ದಾಗಲೂ ತಾಯಿಯನ್ನು ಶಿಷ್ಯನ ಕೈಗೆ ಒಪ್ಪಿಸಿದ. ಅವನ ಮನೆಯವರು ಅವನಿಗೆ ಹುಚ್ಚು ಹಿಡಿದಿದೆ ಎಂದು ಹಿಡಿದು ತರಲು ಹೋಗಿದ್ದರು ಎಂದು ಮಾರ್ಕ ತನ್ನ ಸುವಾರ್ತೆಯಲ್ಲಿ ಬರೆದಿದ್ದಾನೆ. ಒಡಹುಟ್ಟಿದವರೂ ಅವನನ್ನು ನಂಬಿರಲಿಲ್ಲ ಎಂದು ಯೋಹಾನ ತನ್ನ ಸುವಾರ್ತೆಯಲ್ಲಿ ಬರೆದಿದ್ದಾನೆ. ಅತ್ತುಕೊಂಡು ಪ್ರಾರ್ಥನೆ ಮಾಡುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಮಾತುಗಳೇ. ನಾನು ಯಾರನ್ನು ಕರೆಯುತ್ತಿದ್ದೇನೋ ಅವನಿಗೆ ಇದು ಗೊತ್ತಿದೆ ಅಲ್ವಾ ಅನ್ನಿಸುತ್ತಿತ್ತು.

ಗಟ್ಟಿಯಾಗಿ ನಿಲ್ಲುವುದು ಅಂದರೆ ಎಲ್ಲದಕ್ಕೂ ಇಲ್ಲ ಎನ್ನುವುದಲ್ಲ. ಎಲ್ಲಿ ಇಲ್ಲ ಎನ್ನಬೇಕೋ ಅಲ್ಲಿ ಮುಚ್ಚುಮರೆ ಇಲ್ಲದೆ, ಮೆತ್ತಗೆ ಹೇಳುವುದು. ಉಗಾದಿಯ ಹಿಂದಿನ ದಿನ ಅತ್ತೆಯ ಮುಂದೆ ಕೂತು ಹೇಳಿದೆ: ‘ಅಡಿಗಿ ಎಲ್ಲಾ ನಾನ ಮಾಡ್ತೀನ್ರಿ ಅತ್ತೀ. ಪೂಜಾ ಮಾತ್ರ ನನ್ನ ಕಡಿಂದ ಆಗಂಗಿಲ್ರಿ.’ ಅವರು ಮುಖ ತಿರುಗಿಸಿದರು. ಆದರೂ ಹೂರಣ ರುಬ್ಬಿದೆ, ಹೋಳಿಗೆ ಮಾಡಿದೆ. ಎಡೆ ಹಿಡಿದದ್ದನ್ನು ಮಾತ್ರ ತಿನ್ನಲಿಲ್ಲ. ತಿನ್ನಬಹುದೋ ಬಾರದೋ ಎಂದು ಅಪೊಸ್ತಲ ಪೌಲ ಕೊರಿಂಥ ಊರಿನ ವಿಶ್ವಾಸಿಗಳಿಗೆ ಉದ್ದಕ್ಕೆ ಬರೆದಿದ್ದಾನೆ, ಇವತ್ತಿಗೂ ವಿಶ್ವಾಸಿಗಳಲ್ಲಿ ಎಲ್ಲರ ಅಭಿಪ್ರಾಯ ಒಂದೇ ಇಲ್ಲ. ನನ್ನ ಮನಸ್ಸು ಒಪ್ಪಲಿಲ್ಲ, ಅಷ್ಟೇ. ಕೆಲವು ವರ್ಷ ಹೀಗೇ ನಡೆಯಿತು. ಒಂದು ದೀಪಾವಳಿಗೆ ಅತ್ತೆ ಎಡೆ ಹಿಡಿಯುವ ಮೊದಲೇ ಎರಡು ಹೋಳಿಗೆ ತೆಗೆದು ಬೇರೆ ತಟ್ಟೆಯಲ್ಲಿ ಮುಚ್ಚಿಟ್ಟರು. ಯಾರಿಗೆ ಅಂತ ಹೇಳಲಿಲ್ಲ. ದೇವರಿಗೆ ತೋರಿಸದೆ ಮಕ್ಕಳ ಬಾಯಿಗೂ ಒಂದು ತುತ್ತು ಹಾಕದವರು ಅವರು. ಅವರು ತಮ್ಮ ನಂಬಿಕೆ ಬಿಡಲಿಲ್ಲ, ನಾನು ನನ್ನದನ್ನು ಬಿಡಲಿಲ್ಲ. ಊಟ ಮಾತ್ರ ಒಂದೇ ಪಂಕ್ತಿಯಲ್ಲಿ ನಡೆಯಿತು.

ಎಲ್ಲ ಮನೆಯಲ್ಲೂ ಹೀಗಾಗುತ್ತದೆ ಎಂದು ಮಾತು ಕೊಡಲಾರೆ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಶುರು ಮಾಡಿದ ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ ಪತ್ರಿಕೆಯವರಿಗೆಲ್ಲ ಗೊತ್ತು. ಅದರ ಮುಂದಿನ ವರ್ಷವೇ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ಮಂಗಳೂರಿನಲ್ಲಿ ಅವರಿಂದ ದೀಕ್ಷಾಸ್ನಾನ ಪಡೆದರು. ಊರಲ್ಲಿ ದೊಡ್ಡ ಗಲಾಟೆಯಾಯಿತು. ಹೆಂಡತಿ ಅವರ ಜೊತೆ ಬರಲಿಲ್ಲ. ಕೌಂಡಿನ್ಯರು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ ಓದಿ, ತಿರುಗಿ ಬಂದು ಇದೇ ನಾಡಿನಲ್ಲಿ ಸೇವೆ ಮಾಡಿದರು. ಮರಾಠಿ ಕವಿ ನಾರಾಯಣ ವಾಮನ ಟಿಳಕರ ಮನೆಯಲ್ಲಿ ಬೇರೆಯೇ ಆಯಿತು. 1895ರಲ್ಲಿ ಅವರು ಕ್ರೈಸ್ತರಾದಾಗ ಹೆಂಡತಿ ಲಕ್ಷ್ಮೀಬಾಯಿ ಕೆಲವು ವರ್ಷ ದೂರವೇ ಉಳಿದರು. ಆಮೇಲೆ ಬಂದು ಗಂಡನ ಜೊತೆ ಇದ್ದರು, ಆದರೆ ತಮ್ಮ ಮಡಿ ಬಿಡಲಿಲ್ಲ. 1900ರಲ್ಲಿ ತಾವಾಗಿಯೇ ದೀಕ್ಷಾಸ್ನಾನ ಪಡೆದರು. ಒಬ್ಬರ ಹೆಂಡತಿ ಬಂದರು, ಇನ್ನೊಬ್ಬರ ಹೆಂಡತಿ ಬರಲಿಲ್ಲ. ಅದರಿಂದ ಕೌಂಡಿನ್ಯರ ವಿಶ್ವಾಸ ಕಡಿಮೆ ತೂಕದ್ದೇನೂ ಆಗಲಿಲ್ಲ. ಮನೆಯವರು ಇನ್ನೂ ನಂಬಿಲ್ಲವೆಂದರೆ ನಿನ್ನ ಪ್ರಾರ್ಥನೆಯಲ್ಲೇ ಕೊರತೆ ಇದೆ ಎಂದು ಚರ್ಚಿನ ಸಭೆಯಲ್ಲಿ ಯಾರಾದರೂ ಅಂದಾಗ ಇವರಿಬ್ಬರೂ ನೆನಪಾಗುತ್ತಾರೆ. ಹಾಗೆ ಅನ್ನುವುದು ಕ್ರೂರ.

ಆ ತಂದೆಯವರಲ್ಲಿ ಒಂದು ಮಾತು. 2022ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಮತಾಂತರ ನಿಷೇಧ ಕಾಯ್ದೆ ತಂದೆ ತಾಯಿ, ಒಡಹುಟ್ಟಿದವರು, ನೆಂಟರು, ಜೊತೆ ಕೆಲಸ ಮಾಡುವವರು ಎಲ್ಲರಿಗೂ ದೂರು ಕೊಡುವ ದಾರಿ ಮಾಡಿತು. ಅದನ್ನು ರದ್ದು ಮಾಡಬೇಕೆಂದು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿದಾಗ ನಾನು ನಿಟ್ಟುಸಿರು ಬಿಟ್ಟೆ. ಯಾರಾದರೂ ನಿಮ್ಮ ಮಗಳನ್ನು ಹೆದರಿಸಿದ್ದರೆ, ಮೋಸ ಮಾಡಿದ್ದರೆ ಖಂಡಿತ ದೂರು ಕೊಡಿ. ಅವಳೇ ಓದಿ, ಯೋಚಿಸಿ ಒಪ್ಪಿದ್ದರೆ ಅದು ಸಂವಿಧಾನದ 25ನೇ ವಿಧಿ ಅವಳಿಗೆ ಕೊಟ್ಟ ಹಕ್ಕು. ಮೊದಲು ಅವಳನ್ನೇ ಕೂರಿಸಿ ಕೇಳಿ: ಏನು ಸಿಕ್ತು ನಿನಗೆ, ಯಾಕೆ ನಂಬಿದೆ? ನಮ್ಮ ಅಪ್ಪ ತೀರಿಹೋಗುವ ತನಕ ಈ ಪ್ರಶ್ನೆಯನ್ನು ನನಗೆ ಕೇಳಲೇ ಇಲ್ಲ. ಕೇಳಿದ್ದರೆ ಎಷ್ಟು ಖುಷಿಯಿಂದ ಹೇಳುತ್ತಿದ್ದೆ.

ಮಗಳೇ, ನೀನೂ ಇದನ್ನು ಓದುತ್ತಿದ್ದರೆ, ಮನೆ ಬಿಡಬೇಡ. ಹೊಡೆತ ಬಡಿತ ಇದ್ದರೆ ಆ ಮಾತು ಬೇರೆ, ಆಗ ಸುರಕ್ಷಿತ ಜಾಗಕ್ಕೆ ಹೋಗು. ಬರೀ ಬೈಗುಳ, ಮೌನ ಆದರೆ ತಡೆದುಕೋ. ಅಪ್ಪ ಫೋನ್ ಎತ್ತದಿದ್ದರೆ ಅವ್ವನಿಗೆ ಮಾಡು. ಭಾನುವಾರ ಸಭೆ ಮುಗಿದ ಮೇಲೆ ಮಾಡು, ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರೆ ಸುಳ್ಳು ಹೇಳಬೇಡ.

— ಒಬ್ಬ ಓದುಗರು, ರಾಣೆಬೆನ್ನೂರು