ಪಿ.ಟಿ. ಟೀಚರ್ ದಪ್ಪಗಿರಬಾರದೇ?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬೊಜ್ಜಿನ ಕುರಿತು ಬಂದ ಲೇಖನವನ್ನು ನಮ್ಮ ಶಾಲೆಯ ಶಿಕ್ಷಕರ ಕೊಠಡಿಯಲ್ಲಿ ಒಬ್ಬರು ಗಟ್ಟಿಯಾಗಿ ಓದಿದರು. ಯಾರ ಕಿವಿಗೆ ಬೀಳಲಿ ಎಂದು ಓದಿದರೋ ಆ ಕಿವಿಗೇ ಬಿದ್ದಿತು. ದಿನವೂ ವ್ಯಾಯಾಮ ಮಾಡಿ ಹಿತಮಿತವಾಗಿ ಉಣ್ಣುವವರ ಮೈಯಲ್ಲಿ ಬೊಜ್ಜು ನಿಲ್ಲುವುದಿಲ್ಲ, ನಿಂತಿದೆ ಎಂದರೆ ಅವರು ಎಲ್ಲೋ ಸುಳ್ಳು ಹೇಳುತ್ತಿದ್ದಾರೆ ಎಂಬುದು ಲೇಖನದ ಒಟ್ಟು ಸಾರ. ಸುಳ್ಳು ಹೇಳುತ್ತಿರುವವಳ ಕಡೆಯಿಂದ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಕತ್ತರಿಸದೆ ಹಾಕಿದರೆ ಉಪಕಾರ.

ನಾನು ರಾಣೆಬೆನ್ನೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಣ ಶಿಕ್ಷಕಿ. ವಯಸ್ಸು 46, ಎತ್ತರ 157 ಸೆಂ.ಮೀ., ತೂಕ 74 ಕೆ.ಜಿ. ಲೆಕ್ಕ ಹಾಕಿದರೆ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 30 ಬರುತ್ತದೆ. ಭಾರತೀಯರಿಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ನಮ್ಮ ವೈದ್ಯರು ಗೆರೆ ಹಾಕಿದ್ದಾರೆ. ಆ ಗೆರೆಯ ಯಾವ ಕಡೆಗೆ ನಾನಿದ್ದೇನೆ ಎಂಬುದರಲ್ಲಿ ನನಗೆ ಗೊಂದಲವಿಲ್ಲ. ನನ್ನ ತಕರಾರು ಬೇರೆ.

ಗಣಿತದ ಮೇಷ್ಟ್ರಿಗೆ ಹೊಟ್ಟೆ ಬಂದರೆ ಊರು ಅವರನ್ನು ಸುಖಜೀವಿ ಎನ್ನುತ್ತದೆ. ಪಿ.ಟಿ. ಟೀಚರಿಗೆ ಬಂದರೆ ಕೆಲಸಗಳ್ಳಿ ಎನ್ನುತ್ತದೆ. ಹಿಂದೊಮ್ಮೆ ಕ್ರೀಡಾಕೂಟದಲ್ಲಿ ನಾನು ಖೋ-ಖೋ ಅಂಕಣಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದಾಗ ವೇದಿಕೆಯ ಮೇಲಿದ್ದ ಗಣ್ಯರೊಬ್ಬರು ಮೈಕಿನಲ್ಲೇ, "ಮೇಡಂ, ಮೊದಲು ನೀವು ಒಂದು ಸುತ್ತು ಓಡಿ ತೋರಿಸಿದರೆ ಬಹುಮಾನ ನಾನೇ ಕೊಡುತ್ತೇನೆ" ಎಂದರು. ಜನ ನಕ್ಕರು. ನಾನೂ ನಕ್ಕೆ, ಏಕೆಂದರೆ ವೇದಿಕೆಯ ಮೇಲಿನವರ ಹಾಸ್ಯಕ್ಕೆ ನಗುವುದು ಸರ್ಕಾರಿ ನೌಕರರ ಅಲಿಖಿತ ಕರ್ತವ್ಯ. ಅಂದು ಬೆಳಿಗ್ಗೆ ಅವರು ಏಳುವ ಮೊದಲೇ ನನ್ನ ಓಟ ಮುಗಿದಿತ್ತು ಎಂದು ಮೈಕ್ ಕಸಿದುಕೊಂಡು ಹೇಳಲು ಬರುವುದಿಲ್ಲವಲ್ಲ.

ಬೆಳಿಗ್ಗೆ ಐದೂವರೆಗೆ ಮೈದಾನಕ್ಕೆ ಹೋಗುತ್ತೇನೆ. ಒಂದು ಗಂಟೆ ಬಿರುಸಿನ ನಡಿಗೆ, ನಡುನಡುವೆ ಓಟ. ಸಂಜೆ ಶಾಲೆ ಬಿಟ್ಟ ಮೇಲೆ ಹೆಣ್ಣುಮಕ್ಕಳ ಖೋ-ಖೋ ತಂಡಕ್ಕೆ ತರಬೇತಿ. ಸೀಟಿ ಊದಿಕೊಂಡು ಬದಿಯಲ್ಲಿ ನಿಲ್ಲುವ ಪೈಕಿ ನಾನಲ್ಲ; ಕಂಬ ಸುತ್ತುವುದನ್ನು, ಬೆನ್ನಟ್ಟುವವಳನ್ನು ತಪ್ಪಿಸಿ ಜಾರುವುದನ್ನು ಮಾಡಿ ತೋರಿಸದಿದ್ದರೆ ಮಕ್ಕಳಿಗೆ ಬರುವುದಿಲ್ಲ. ಊಟಕ್ಕೆ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಹಕ್ಕರಕಿ ಸೊಪ್ಪು, ಸವತೆಕಾಯಿ, ಮಜ್ಜಿಗೆ. ಚಹಾಕ್ಕೆ ಸಕ್ಕರೆ ಬಿಟ್ಟು ವರ್ಷಗಳೇ ಆದವು. ಸಂಜೆ ಮಿರ್ಚಿ ಭಜಿಯ ಅಂಗಡಿ ದಾಟುವಾಗ ಮೂಗು ಮುಚ್ಚಿಕೊಳ್ಳುವುದಿಲ್ಲ, ಆದರೆ ನಿಲ್ಲುವುದೂ ಇಲ್ಲ. ಇಷ್ಟೆಲ್ಲ ಹಿಡಿದುಕೊಂಡ ಮೊದಲ ಕೆಲವು ತಿಂಗಳುಗಳಲ್ಲಿ ತೂಕ 78ರಿಂದ 74ಕ್ಕೆ ಇಳಿಯಿತು. ಆಮೇಲೆ ಅಲ್ಲೇ ಕೂತಿದೆ. ನಡಿಗೆ ಹೆಚ್ಚಿಸಿದರೂ ಅಷ್ಟೇ, ರಾತ್ರಿಯ ರೊಟ್ಟಿ ಒಂದು ಕಡಿಮೆ ಮಾಡಿದರೂ ಅಷ್ಟೇ.

ಏಕೆ ಹೀಗೆ ಎಂದು ತಿಳಿಯುವ ಹಟ ಹತ್ತಿತು. ನಿಮ್ಮ ಲೇಖಕರಿಗೂ ಆ ಹಟ ಸ್ವಲ್ಪ ಇದ್ದಿದ್ದರೆ ಚೆನ್ನಾಗಿತ್ತು. ಟಾಂಜಾನಿಯಾದಲ್ಲಿ ಹಾಡ್ಜಾ ಎಂಬ ಜನರಿದ್ದಾರೆ. ಇವತ್ತಿಗೂ ಬೇಟೆಯಾಡಿ, ಗೆಡ್ಡೆ ಅಗೆದು, ಮೈಲಿಗಟ್ಟಲೆ ನಡೆದು ಬದುಕುವವರು. ಹರ್ಮನ್ ಪಾಂಟ್ಜರ್ ಎಂಬ ವಿಜ್ಞಾನಿಯ ತಂಡ ಅವರ ದೇಹ ದಿನಕ್ಕೆ ಎಷ್ಟು ಶಕ್ತಿ ಸುಡುತ್ತದೆ ಎಂದು ಅಳೆದು 2012ರಲ್ಲಿ ಪ್ರಕಟಿಸಿತು. ದೇಹದ ಗಾತ್ರಕ್ಕೆ ಹೊಂದಿಸಿ ನೋಡಿದಾಗ, ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಅಮೆರಿಕದವರಿಗಿಂತ ಅವರು ಹೆಚ್ಚೇನೂ ಸುಡುತ್ತಿರಲಿಲ್ಲ. ದುಡಿಮೆ ಹೆಚ್ಚಾದರೆ ದೇಹ ಬೇರೆ ಕಡೆಯ ಖರ್ಚನ್ನು ಸದ್ದಿಲ್ಲದೆ ಕಡಿತ ಮಾಡಿಕೊಳ್ಳುತ್ತದೆ ಎಂಬುದು ಪಾಂಟ್ಜರ್ ಅವರ ವಿವರಣೆ.

ತೂಕ ಇಳಿದ ಮೇಲಂತೂ ಈ ಕಡಿತ ಇನ್ನೂ ಬಿಗಿಯಾಗುತ್ತದೆ. ಅಮೆರಿಕದ ಟಿ.ವಿ. ಸ್ಪರ್ಧೆಯೊಂದರಲ್ಲಿ ವಿಪರೀತ ವ್ಯಾಯಾಮ, ಪಥ್ಯ ಮಾಡಿ ಹತ್ತಾರು ಕೆ.ಜಿ. ಇಳಿಸಿಕೊಂಡಿದ್ದ 14 ಮಂದಿಯನ್ನು ಕೆವಿನ್ ಹಾಲ್ ಎಂಬ ಸಂಶೋಧಕರ ತಂಡ ಆರು ವರ್ಷಗಳ ನಂತರ ಮತ್ತೆ ಪರೀಕ್ಷಿಸಿತು. ವರದಿ ಬಂದದ್ದು 2016ರಲ್ಲಿ. ಹೆಚ್ಚಿನವರ ತೂಕ ಬಹುಪಾಲು ಮರಳಿತ್ತು. ಅದಕ್ಕಿಂತ ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು ಸಂಗತಿ: ಸುಮ್ಮನೆ ಕೂತಿದ್ದಾಗ ಅವರ ದೇಹ ಸುಡುತ್ತಿದ್ದ ಶಕ್ತಿ, ಅವರ ಮೈಗಾತ್ರಕ್ಕೆ ಇರಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಇತ್ತು. ಆರು ವರ್ಷ ಕಳೆದರೂ ದೇಹ ಆ ಭಯವನ್ನು ಮರೆತಿರಲಿಲ್ಲ. ಬರಗಾಲ ಕಂಡ ಅತ್ತೆ ಕಣಜ ತುಂಬಿದ ಮೇಲೂ ಹಿಟ್ಟನ್ನು ಅಳೆದೇ ಕೊಡುವಂತೆ. ಈ ಅತ್ತೆಯ ಮುಂದೆ ಮನೋಬಲದ ಭಾಷಣ ನಡೆಯುವುದಿಲ್ಲ.

ಇನ್ನು ಅಡುಗೆಮನೆಯ ವಿಷಯ. ಆರೋಗ್ಯಕರ ಆಹಾರ ಎಂದು ನಿಮ್ಮ ಪುರವಣಿ ಹೊಗಳುವ ಎಲ್ಲವೂ ನಮ್ಮ ಕಡೆಯ ಬದನೆಕಾಯಿ ಎಣ್ಣೆಗಾಯಿಯಲ್ಲಿದೆ. ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ, ಎಲ್ಲವನ್ನೂ ಹುರಿದು ಕುಟ್ಟಿ, ಬದನೆಕಾಯಿಯ ಹೊಟ್ಟೆಗೆ ತುಂಬಿ, ಎಣ್ಣೆ ಮೇಲೆ ತೇಲುವವರೆಗೆ ಸಣ್ಣ ಉರಿಯಲ್ಲಿ ಬೇಯಿಸುತ್ತೇವೆ. ಪಕ್ಕಕ್ಕೆ ಶೇಂಗಾ ಹಿಂಡಿ, ಅದರ ಮೇಲೆ ಹಸಿ ಎಣ್ಣೆ. ಮೈದಾ ಇಲ್ಲ, ಸಕ್ಕರೆ ಇಲ್ಲ, ಬೇಕರಿಯದು ಏನೂ ಇಲ್ಲ. ಆದರೆ ಒಂದು ಹಿಡಿ ಶೇಂಗಾದಲ್ಲಿ, ಅಂದರೆ 30 ಗ್ರಾಮಿನಲ್ಲಿ, ಸುಮಾರು 170 ಕ್ಯಾಲೊರಿ. ಊಟದ ದೊಡ್ಡ ಚಮಚದ ತುಂಬ ಎಣ್ಣೆಯಲ್ಲಿ 120. ನನ್ನ ತೂಕದವರು ಒಂದು ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು 250ರಿಂದ 300. ಬೆಳಗಿನ ಇಡೀ ನಡಿಗೆ ಒಂದು ಹಿಡಿ ಶೇಂಗಾ, ಒಂದು ಚಮಚ ಎಣ್ಣೆಗೆ ಸರಿಹೋಯಿತು. ಹಾಗೆಂದು ಶೇಂಗಾ ಕೆಟ್ಟದ್ದೇನಲ್ಲ, ಅದನ್ನು ತಿನ್ನಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಒಳ್ಳೆಯ ಊಟ ಮಾಡಿಯೂ ತೂಕ ನಿಂತಲ್ಲೇ ನಿಲ್ಲಲು ಸಾಧ್ಯ, ಅದರಲ್ಲಿ ಕಳ್ಳತನವೇನೂ ಇಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಎಣ್ಣೆ, ಕೊಬ್ಬನ್ನು ಹಿಡಿತದಲ್ಲಿ ಬಳಸಿ ಎನ್ನುತ್ತದೆಯೇ ಹೊರತು ದಪ್ಪಗಿರುವವರನ್ನು ಬೈಯುವುದಿಲ್ಲ.

ವೈದ್ಯರ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ಎರಡು ವರ್ಷದ ಹಿಂದೆ ವಿಪರೀತ ಸುಸ್ತು, ಕೂದಲು ಉದುರುವುದು, ಧ್ವನಿ ಒಡೆಯುವುದು ಎಂದು ಒಬ್ಬ ವೈದ್ಯರ ಬಳಿ ಹೋಗಿದ್ದೆ. ನಾನು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ "ಬಾಯಿ ಕಟ್ಟಿ, ಎಲ್ಲ ಸರಿಹೋಗುತ್ತದೆ" ಎಂದು ಚೀಟಿ ಬರೆದರು. ಕುತ್ತಿಗೆ ಮುಟ್ಟಿ ನೋಡಲಿಲ್ಲ, ರಕ್ತ ಪರೀಕ್ಷೆ ಹೇಳಲಿಲ್ಲ. ಥೈರಾಯ್ಡ್ ಪರೀಕ್ಷೆ ಬರೆದವರು ಬೇರೊಬ್ಬ ವೈದ್ಯೆ, ಅದೂ ತಿಂಗಳುಗಳು ಕಳೆದ ಮೇಲೆ. ಗ್ರಂಥಿ ಮಂದವಾಗಿತ್ತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ, ಅದಾದ ಮೇಲೆ ಕನಿಷ್ಠ ಅರ್ಧ ಗಂಟೆ ಚಹಾ ಕಾಫಿ ಬೇಡ, ಕ್ಯಾಲ್ಸಿಯಂ ಕಬ್ಬಿಣದ ಮಾತ್ರೆಗಳಿದ್ದರೆ ನಾಲ್ಕು ಗಂಟೆ ದೂರವಿಡಿ ಎಂದು ಅವರು ಕೂರಿಸಿ ಹೇಳಿದರು. ಥೈರಾಯ್ಡಿನಿಂದ ಏರುವ ತೂಕ ಸಾಮಾನ್ಯವಾಗಿ ಕೆಲವೇ ಕೆ.ಜಿ., ಮಾತ್ರೆ ನುಂಗಿದೊಡನೆ ತೆಳ್ಳಗಾಗುತ್ತೇನೆ ಎಂದು ಕಾಯಬೇಡಿ ಎಂದೂ ಹೇಳಿದರು. ಆ ನೇರ ಮಾತಿಗೆ ನಾನು ಋಣಿ. ಸುಸ್ತು ಹೋಯಿತು. ತೂಕ, ಆಗಲೇ ಹೇಳಿದೆನಲ್ಲ.

ನಮ್ಮ ಪರಿಚಯದವರೊಬ್ಬರಿದ್ದಾರೆ, ಕಚೇರಿಯ ಗುಮಾಸ್ತರು, ಕಡ್ಡಿಯಂಥ ಮೈ. ಏನು ತಿಂದರೂ ದಪ್ಪವಾಗದ ಪುಣ್ಯವಂತ ಎಂದು ಎಲ್ಲರೂ ಹೊಗಳುತ್ತಿದ್ದರು. ನಲವತ್ತರ ಒಳಗೇ ಸಕ್ಕರೆ ಕಾಯಿಲೆ ಬಂತು. ತೆಳ್ಳಗಿದ್ದಾರಲ್ಲ, ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಯಾರೂ ಹೇಳಿರಲಿಲ್ಲ. ಪುಣೆಯ ವೈದ್ಯ ವಿಜ್ಞಾನಿ ಚಿತ್ತರಂಜನ್ ಯಾಜ್ಞಿಕ್ ಇದನ್ನು ತಮ್ಮ ಮೈಯನ್ನೇ ಇಟ್ಟು ತೋರಿಸಿದ್ದಾರೆ. 2004ರಲ್ಲಿ ಅವರೂ ಬ್ರಿಟನ್ನಿನ ಜಾನ್ ಯಡ್ಕಿನ್ ಎಂಬ ವೈದ್ಯರೂ ಒಟ್ಟಿಗೆ ಫೋಟೊ ತೆಗೆಸಿಕೊಂಡು ಪ್ರಕಟಿಸಿದರು. ಇಬ್ಬರ ಬಿಎಂಐ ಒಂದೇ, 22.3. ಆದರೆ ಯಡ್ಕಿನ್ ಮೈಯಲ್ಲಿ ಕೊಬ್ಬು 9.1 ಶೇಕಡಾ, ಯಾಜ್ಞಿಕ್ ಮೈಯಲ್ಲಿ 21.2. ತೆಳ್ಳಗೆ ಕಾಣುವ ನಮ್ಮವರಲ್ಲೂ ಕೊಬ್ಬು ಅಡಗಿರುತ್ತದೆ, ಅದರಲ್ಲೂ ಹೊಟ್ಟೆಯ ಸುತ್ತ. ಅದಕ್ಕೇ ಸೊಂಟದ ಅಳತೆ ನೋಡಿ ಎನ್ನುವುದು: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು. ದರ್ಜಿಯ ಟೇಪು ಸಾಕು, ಜಿಮ್ ಬೇಡ.

ಹಾಗಾದರೆ ಇಷ್ಟು ಓಡಿ ಬಂದ ಲಾಭವೇನು ಎಂದು ಅದೇ ಶಿಕ್ಷಕರ ಕೊಠಡಿಯಲ್ಲಿ ಕೇಳಿದರು. ನನ್ನ ರಕ್ತದೊತ್ತಡ ಮಾತ್ರೆಯಿಲ್ಲದೆ ಸರಿಯಿದೆ. ನನ್ನ ತಾಯಿಗೂ ಅಣ್ಣನಿಗೂ ಸಕ್ಕರೆ ಕಾಯಿಲೆಯಿದೆ, ನನಗೆ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 5.5, ಸಹಜ ಮಿತಿಯೊಳಗೇ ಇದೆ. ಶಾಲೆಯ ಮೂರನೇ ಮಹಡಿಗೆ ಹತ್ತಿ ಕೂಡಲೇ ಪಾಠ ಶುರುಮಾಡಬಲ್ಲೆ. ಕೇಳಿದವರು ಮೆಟ್ಟಿಲ ತುದಿಯಲ್ಲಿ ಗೋಡೆ ಹಿಡಿದು ನಿಲ್ಲುತ್ತಾರೆ. 78ರಿಂದ 74 ಎಂದರೆ ಐದು ಶೇಕಡಾ ಇಳಿಕೆ. ಅಷ್ಟಕ್ಕೇ ರಕ್ತದ ಸಕ್ಕರೆ, ಒತ್ತಡದಲ್ಲಿ ಗುಣ ಕಾಣುತ್ತದೆ ಎಂದು ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ಇದನ್ನು ಬರೆದರೆ ಓದುವವರಿಗೆ ನಾಳೆ ಬೆಳಿಗ್ಗೆ ಏಳುವ ಹುಮ್ಮಸ್ಸು ಬಂದೀತು. ನೀವು ಹಾಕಿದ್ದು 30 ಕೆ.ಜಿ. ಇಳಿಸಿದವರ ಹಿಂದಿನ ಮತ್ತು ಇಂದಿನ ಫೋಟೊ. ಮೂರು ತಿಂಗಳು ನಡೆದು ಮೂರು ಕೆ.ಜಿ. ಇಳಿಸಿದವಳು ಅದನ್ನು ನೋಡಿ ಷೂ ಕಳಚಿ ಅಟ್ಟಕ್ಕೆ ಎಸೆಯುತ್ತಾಳೆ. ಎಸೆದವರನ್ನು ನಮ್ಮ ಮೈದಾನದಲ್ಲೇ ನೋಡಿದ್ದೇನೆ.

ಇನ್ನು ಆ ಲೇಖನದ ಕೆಳಗಿದ್ದ ಅರ್ಧ ಪುಟದ ಜಾಹೀರಾತು. ವ್ಯಾಯಾಮ ಬೇಡ, ಪಥ್ಯ ಬೇಡ, ಪುಡಿ ಕುಡಿಯಿರಿ, ತಿಂಗಳಿಗೆ ಹತ್ತು ಕೆ.ಜಿ. ಮೇಲರ್ಧದಲ್ಲಿ ನಮ್ಮನ್ನು ಸೋಮಾರಿಗಳೆಂದು ಬೈದು ಕೆಳಗರ್ಧದಲ್ಲಿ ಸೋಮಾರಿಗಳಿಗೆ ಔಷಧ ಮಾರುವ ಈ ಜಾಣ್ಮೆ ಯಾರದು? 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಅನುಸೂಚಿಯನ್ನು ನಿಮ್ಮ ಜಾಹೀರಾತು ವಿಭಾಗದವರು ದಯವಿಟ್ಟು ಒಮ್ಮೆ ತೆಗೆದು ನೋಡಲಿ. ಯಾವ ಕಾಯಿಲೆಗಳನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡಬಾರದೋ ಆ ಪಟ್ಟಿಯಲ್ಲಿ ಬೊಜ್ಜು ಕೂಡ ಇದೆ. ಹಸಿವು ಅಡಗಿಸುವ ಸಿಬುಟ್ರಮಿನ್ ಎಂಬ ಔಷಧವನ್ನು ಹೃದಯಕ್ಕೆ ಅಪಾಯವೆಂದು ನಮ್ಮ ದೇಶದಲ್ಲಿ 2011ರಲ್ಲಿ ನಿಷೇಧಿಸಲಾಯಿತು. ಗಿಡಮೂಲಿಕೆ ಎಂದು ಹೇಳಿಕೊಳ್ಳುವ ತೂಕ ಇಳಿಸುವ ಸರಕುಗಳಲ್ಲಿ ಅದನ್ನೇ ಗುಟ್ಟಾಗಿ ಬೆರೆಸಿದ್ದನ್ನು ಅಮೆರಿಕದ ಔಷಧ ಇಲಾಖೆ ಮತ್ತೆ ಮತ್ತೆ ಪತ್ತೆ ಹಚ್ಚಿದೆ. ನೀವು ಮುದ್ರಿಸಿದ ಪುಡಿಯಲ್ಲಿ ಏನಿದೆ ಎಂದು ಜಾಹೀರಾತಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ. ನಮ್ಮ ಓಣಿಯ ಇಬ್ಬರು ಹೆಂಗಸರು ಆಗಲೇ ಫೋನ್ ಮಾಡಿ ತರಿಸಿಕೊಂಡಿದ್ದಾರೆ.

ಈಗ ಪೇಟೆಯಲ್ಲಿ ಎಲ್ಲರೂ ಮಾತಾಡುವ ತೂಕ ಇಳಿಸುವ ಚುಚ್ಚುಮದ್ದುಗಳ ಮಾತೇ ಬೇರೆ, ಅವು ವೈದ್ಯರು ಬರೆದುಕೊಡುವ ನಿಜವಾದ ಔಷಧಗಳು. ಅವುಗಳಲ್ಲೊಂದಾದ ಸೆಮಾಗ್ಲುಟೈಡ್ ತೆಗೆದುಕೊಂಡವರ ತೂಕ 68 ವಾರಗಳಲ್ಲಿ ಸರಾಸರಿ ಸುಮಾರು 15 ಶೇಕಡಾ ಇಳಿಯಿತು ಎಂದು 2021ರ ಪ್ರಯೋಗ ತೋರಿಸಿತು. ಬಿಟ್ಟ ಒಂದು ವರ್ಷದಲ್ಲಿ ಇಳಿದದ್ದರ ಮೂರರಲ್ಲಿ ಎರಡು ಪಾಲು ಮರಳಿತು. ನನಗೆ ಅದು ಬೇಕೋ ಬೇಡವೋ ಎಂಬುದು ನಾನೂ ನನ್ನ ವೈದ್ಯೆಯೂ ಕೂತು ಮಾತಾಡುವ ವಿಷಯ. ನಿಮ್ಮ ಲೇಖಕರಿಗೆ ಒಂದೇ ಪ್ರಶ್ನೆ. ಹಸಿವಿನ ಹಾರ್ಮೋನಿನ ದಾರಿಗೆ ಒಂದು ಸೂಜಿ ಚುಚ್ಚಿದೊಡನೆ ಮನುಷ್ಯ ತಾನಾಗಿಯೇ ಕಡಿಮೆ ಉಣ್ಣುತ್ತಾನೆ ಎಂದಾದರೆ, ಅಲ್ಲಿಯವರೆಗೆ ಅವನಲ್ಲಿ ಕೊರತೆಯಿದ್ದದ್ದು ಚಾರಿತ್ರ್ಯವೇ?

ಇದನ್ನೆಲ್ಲ ನನ್ನೊಬ್ಬಳ ಮಾನಕ್ಕಾಗಿ ಬರೆಯುತ್ತಿದ್ದರೆ ಅಂಚೆ ಖರ್ಚು ಮಾಡುತ್ತಿರಲಿಲ್ಲ. ಎಂಟನೇ ತರಗತಿಯ ಹುಡುಗಿಯೊಬ್ಬಳು ನಮ್ಮ ಖೋ-ಖೋ ತಂಡದಲ್ಲಿ ಬೆನ್ನಟ್ಟುವುದರಲ್ಲಿ ಗಟ್ಟಿಗಿತ್ತಿ. ತುಂಬಿದ ಮೈ. ಆರೋಗ್ಯ ತಪಾಸಣೆಯ ದಿನ ವರಾಂಡದಲ್ಲಿ ಸಾಲು ನಿಲ್ಲಿಸಿ ಒಬ್ಬೊಬ್ಬರ ತೂಕವನ್ನೂ ಕೂಗಿ ಹೇಳಿದರು, ಪುಸ್ತಕ ಹಿಡಿದವರು ದೂರ ಕೂತಿದ್ದರು ಎಂಬ ಒಂದೇ ಕಾರಣಕ್ಕೆ. ಅವಳ ಸಂಖ್ಯೆ ಕೂಗಿದಾಗ ಹಿಂದಿನಿಂದ ಒಬ್ಬ ಹುಡುಗ ಲಾರಿಯ ಹಾರ್ನ್ ಹೊಡೆದ. ಅಂದಿನಿಂದ ಅವಳು ಬಿಸಿಯೂಟದ ತಟ್ಟೆ ತೊಳೆಯುವ ಜಾಗದಲ್ಲಿ ಮಾತ್ರ ಕಾಣಿಸುತ್ತಿದ್ದಳು, ಊಟದ ಸಾಲಿನಲ್ಲಿ ಅಲ್ಲ. ತಟ್ಟೆ ಒದ್ದೆ ಮಾಡಿಕೊಂಡು ಉಂಡಂತೆ ತೋರಿಸುತ್ತಿದ್ದಳು. ಅಡುಗೆಯ ಅಕ್ಕ ಬಂದು ಹೇಳದಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ. ಸಂಜೆ ತರಬೇತಿಯಲ್ಲಿ ಕಣ್ಣು ಕತ್ತಲೆ ಬಂದು ಕೂತಳು. ಬೆಳೆಯುವ ಮಗು, ತಿಂಗಳ ಮುಟ್ಟು ಶುರುವಾಗಿ ಹೆಚ್ಚು ಕಾಲವಾಗಿಲ್ಲ, ರಕ್ತಹೀನತೆಯ ಮಾತ್ರೆ ನುಂಗುತ್ತಿದ್ದಾಳೆ. ಅವಳಿಗೆ ಬೇಕಾಗಿರುವುದು ಮೊಟ್ಟೆ, ಬೇಳೆ, ಸೊಪ್ಪು ಮತ್ತು ಆಟ. ಅವಳ ಮನೆಗೂ ನಿಮ್ಮ ಪತ್ರಿಕೆ ಬರುತ್ತದೆ.

ನಮ್ಮ ಶಾಲೆಯಲ್ಲಿ ಈಗ ತೂಕದ ಯಂತ್ರವನ್ನು ವಿಜ್ಞಾನ ಕೊಠಡಿಯ ಒಳಗೆ ಇಡುತ್ತೇವೆ. ಒಬ್ಬೊಬ್ಬರೇ ಒಳಗೆ ಬರುತ್ತಾರೆ, ಸಂಖ್ಯೆಯನ್ನು ನಾನೇ ನೋಡಿ ನಾನೇ ಬರೆಯುತ್ತೇನೆ, ಯಾರೂ ಕೂಗುವುದಿಲ್ಲ. ಇದಕ್ಕೆ ಅನುದಾನವೂ ಬೇಡ, ಸುತ್ತೋಲೆಯೂ ಬೇಡ. ಆದರೂ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಎಲ್ಲ ಶಾಲೆಗಳಲ್ಲೂ ಜಾರಿಯಾದೀತು. ಇಲಾಖೆಯವರು ನಿಮ್ಮ ಪತ್ರಿಕೆ ಓದುತ್ತಾರೆಂಬ ನಂಬಿಕೆಯಿಂದ ಇದನ್ನು ಇಲ್ಲಿ ಬರೆದಿದ್ದೇನೆ.

ಸೇವಾ ನಿಯಮಗಳ ಕಾರಣ ಹೆಸರು ಪ್ರಕಟಿಸಬೇಡಿ. ಊರಿನ ಹೆಸರು ಹಾಕಬಹುದು. ಈ ಊರಿನಲ್ಲಿ ದಪ್ಪಗಿರುವ ಪಿ.ಟಿ. ಟೀಚರ್ ಯಾರೆಂದು ಎಲ್ಲರಿಗೂ ಗೊತ್ತು.

ಇಂತಿ,
ದೈಹಿಕ ಶಿಕ್ಷಣ ಶಿಕ್ಷಕಿ,
ರಾಣೆಬೆನ್ನೂರು