ಬಸ್ಸು ಬಾರದ ದಿನ ಜೊತೆ ನಿಂತವರಿಗೆ

ಮೂರು ದಿನದ ಸಮ್ಮೇಳನ ಮೊನ್ನೆ ಭಾನುವಾರ ಮುಗಿಯಿತು. ವೇದಿಕೆಯ ಮೇಲೆ ವಂದನಾರ್ಪಣೆಯೂ ಆಯಿತು, ಹಾರ-ಶಾಲು ಎಲ್ಲ ಆಯಿತು. ಆ ಪಟ್ಟಿಯಲ್ಲಿ ಹೆಸರು ಬಾರದ ಕೆಲವರಿಗೆ ನಾನು ಇಲ್ಲಿ ಥ್ಯಾಂಕ್ಸ್ ಹೇಳಬೇಕು.

ನನ್ನ ಪಾಲಿಗೆ ಬಂದಿದ್ದು ಪ್ರತಿನಿಧಿಗಳನ್ನೂ ಅವರ ಮನೆಯವರನ್ನೂ ಊರು ಸುತ್ತಿಸುವ ಕೆಲಸ. "ತುಮಕೂರಲ್ಲಿ ನೋಡೋದಕ್ಕೆ ಏನಿದೆ, ಸುಮ್ನೆ ಬೆಂಗಳೂರಿಗೆ ಕಳಿಸಿಬಿಡಿ" ಅಂದಿದ್ದರು ನಮ್ಮ ಸಮಿತಿಯವರೇ. ಇಲ್ಲೇ ಹುಟ್ಟಿದವಳಿಗೆ ಆ ಮಾತು ಚುಚ್ಚದೇ ಇರುತ್ತದೆಯೇ? ಹಠಕ್ಕೆ ಬಿದ್ದೆ.

ಶನಿವಾರ ಬೆಳಿಗ್ಗೆ ಆರೂವರೆಗೆ ಬರಬೇಕಿದ್ದ ಬಸ್ಸು ಏಳೂವರೆಯಾದರೂ ಪತ್ತೆಯಿಲ್ಲ. ಫೋನ್ ಸ್ವಿಚ್ ಆಫ್. 38 ಜನ ಟೋಪಿ, ನೀರಿನ ಬಾಟಲಿ ಹಿಡಿದು ಮೆಟ್ಟಿಲ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. ಅಳು ಬರುವುದೊಂದು ಬಾಕಿ. ನಮ್ಮ ಬೀದಿಯ ಆಟೋದಣ್ಣನಿಗೆ ಫೋನ್ ಮಾಡಿದೆ. "ಟೀ ಕುಡೀತಾ ಇರಿ ಮೇಡಂ" ಅಂದರು. ಅರ್ಧ ಗಂಟೆಯಲ್ಲಿ ಮೂರು ಟಿಟಿ (ಟೆಂಪೋ ಟ್ರಾವೆಲರ್) ಬಂದು ನಿಂತವು. ಒಂದರ ಗಾಜಿಗೆ ಹಿಂದಿನ ದಿನದ ಮದುವೆಯ ಹೂ ಇನ್ನೂ ಅಂಟಿಕೊಂಡಿತ್ತು. ಅಣ್ಣ, ನಿಮಗೆ ಮೊದಲ ನಮಸ್ಕಾರ.

ಎರಡನೆಯದು ಕ್ಯಾತ್ಸಂದ್ರದ ಹೋಟೆಲಿನವರಿಗೆ. ನಾವು ಹೋಗಿದ್ದು ಒಂದೂವರೆ ಗಂಟೆ ತಡವಾಗಿ. ಆದರೂ ಬೈಯದೆ ಹೊಸ ಒಬ್ಬೆ ಇಟ್ಟರು. ತಟ್ಟೆ ಇಡ್ಲಿ ಬಿಸಿ ಇದ್ದಾಗಲೇ ತಿನ್ನಬೇಕು, ಅಲ್ವಾ! ಗುವಾಹಟಿಯಿಂದ ಬಂದಿದ್ದ ಒಬ್ಬರು ಅದನ್ನು ಚಮಚದಲ್ಲಿ ಕತ್ತರಿಸಲು ಹೆಣಗುತ್ತಿದ್ದರು. ಬಡಿಸುವ ಹುಡುಗ ಮಾತಾಡದೆ ಚಮಚ ತೆಗೆದಿಟ್ಟು, ಮೇಲೆ ಬೆಣ್ಣೆ ಹಾಕಿ, ಕೈ ಸನ್ನೆ ಮಾಡಿದ. ಆಮೇಲೆ ಅವರು ಇನ್ನೆರಡು ತರಿಸಿಕೊಂಡರು.

ದೇವರಾಯನದುರ್ಗದಲ್ಲಿ ಕೋತಿಗಳು ಬಾಳೆಹಣ್ಣಿನ ಚೀಲವನ್ನೇ ಎತ್ತಿಕೊಂಡು ಹೋದವು. ಅವಕ್ಕೆ ಥ್ಯಾಂಕ್ಸ್ ಇಲ್ಲ. ಬೆಟ್ಟದ ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ಮಂಡಿನೋವಿನವರು ಕೆಳಗಿನ ದೇವರಿಗೇ ಕೈಮುಗಿದು ಕೂತರು. ನಾಮದ ಚಿಲುಮೆಯಲ್ಲಿ ಮಾತ್ರ ಎಲ್ಲರೂ ಇಳಿದರು. ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗದೆ ರಾಮ ಬಾಣ ಬಿಟ್ಟ, ಬಂಡೆಯಿಂದ ನೀರು ಚಿಮ್ಮಿತು ಅಂತ ಕಥೆ. ನಾನು ಅರ್ಧ ಹೇಳುವಷ್ಟರಲ್ಲಿ ಅಲ್ಲೇ ಇದ್ದ ಅಜ್ಜಿಯೊಬ್ಬರು ನನ್ನನ್ನು ಸುಮ್ಮನಾಗಿಸಿ ಪೂರ್ತಿ ತಾವೇ ಹೇಳಿದರು. ಭಾಷೆ ಬಾರದವರೂ ತಲೆ ಆಡಿಸಿದರು. ಅಜ್ಜಿ, ನಿಮ್ಮಷ್ಟು ಚೆನ್ನಾಗಿ ನನಗೆ ಬರುವುದಿಲ್ಲ.

ಮಧ್ಯಾಹ್ನದ ಊಟ ಸಿದ್ಧಗಂಗಾ ಮಠದ ದಾಸೋಹದಲ್ಲಿ. ಸಾವಿರಾರು ಮಕ್ಕಳು ಇದ್ದು ಓದುವ, ಉಣ್ಣುವ ಜಾಗ. ಅಲ್ಲಿ 38 ಜನ ಜಾಸ್ತಿಯಾದರು ಅಂತ ಯಾರ ಮುಖದಲ್ಲೂ ಕಾಣಲಿಲ್ಲ. "ಇನ್ನೊಂಚೂರು ಸಾರು" ಅಂತ ಬೆನ್ನು ಬಿಡದೆ ಬಡಿಸಿದ ಹುಡುಗರಿಗೆ ಶರಣು.

ಕೊನೆಗೆ ಒಂದು ಕ್ಷಮೆ. ಪ್ರತಿನಿಧಿಗಳ ಬ್ಯಾಡ್ಜಿನಲ್ಲಿ ಹೆಸರಿತ್ತು, ಅವರ ಮನೆಯವರ ಬ್ಯಾಡ್ಜಿನಲ್ಲಿ ಬರೀ 'ಅತಿಥಿ' ಅಂತಿತ್ತು. ಅದನ್ನು ಅಚ್ಚು ಹಾಕಿಸಿದ್ದು ನಾನೇ. ನಿವೃತ್ತ ಗಣಿತದ ಟೀಚರ್ ಒಬ್ಬರು ಟಿಟಿಯಲ್ಲಿ ನನ್ನ ಪೆನ್ನು ಕೇಳಿದರು. 'ಅತಿಥಿ'ಯ ಮೇಲೆ ಗೀಟು ಎಳೆದು ತಮ್ಮ ಹೆಸರು ಬರೆದರು. ಆಮೇಲೆ ಪೆನ್ನನ್ನು ಹಿಂದಿನ ಸೀಟಿಗೆ ದಾಟಿಸಿದರು. ಅದು ನನ್ನ ಕೈಗೆ ವಾಪಸ್ ಬಂದಿದ್ದು ಊರು ಮುಟ್ಟಿದ ಮೇಲೆ.